ಮೂರನೇ ವೈರು

ಕಾರು ಕಣ್ಣಿಗೆ ಬೀಳುವುದಕ್ಕೆ ಮೊದಲೇ ಅದು ಯಾವುದೆಂದು ಅವನಿಗೆ ಗೊತ್ತಾಯಿತು. ತಿರುವಿನ ಆಚೆ, ಇಟ್ಟಿಗೆ ಗೋಡೆಯ ಮರೆಯಲ್ಲಿ, ಮೂರು ಸಲ ಹೊಡೆದುಕೊಂಡು ನಾಲ್ಕನೆಯದಕ್ಕೆ ಬಾಯಿ ಕಟ್ಟುವ ಎಂಜಿನ್. ಟುಕ್ ಟುಕ್ ಟುಕ್, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಜಾಗವನ್ನು ಅವನು ನಾಲ್ಕು ತಿಂಗಳಿಂದ ಕೇಳಿಸಿಕೊಳ್ಳುತ್ತಿದ್ದ. ಮನೆಯಲ್ಲಿ ಅಮ್ಮ ಹೊಲಿಗೆ ಮಿಷನ್ ತುಳಿಯುವಾಗ, ಬಚ್ಚಲ ನಲ್ಲಿ ತೊಟ್ಟಿಕ್ಕುವಾಗ, ಪಕ್ಕದ ಮನೆಯ ಮುದುಕ ಕೋಲೂರಿಕೊಂಡು ಮೆಟ್ಟಿಲು ಇಳಿಯುವಾಗ, ಎಲ್ಲದರಲ್ಲೂ ನಾಲ್ಕನೆಯದು ತಪ್ಪುತ್ತಿತ್ತು. ತಪ್ಪದಿದ್ದರೂ ಅವನ ಕಿವಿಯೇ ತಪ್ಪಿಸಿ ಕೇಳುತ್ತಿತ್ತು. ಒಂದು ದಿನ ತಡೆಯಲಾರದೆ ಅಮ್ಮನ ಮಿಷನ್ನಿನ ಬೆಲ್ಟ್ ಕಿತ್ತು ಬಿಸಾಕಿದ್ದ. ಅಮ್ಮ ಬೆಲ್ಟನ್ನು ಎತ್ತಿಕೊಂಡು, ಧೂಳು ಕೊಡವಿ, ಮತ್ತೆ ಹಾಕಿ, "ಹೊಟ್ಟೆಗೆ ಹಾಕೋ ಮಿಷನ್ನಪ್ಪ ಇದು, ಸಿಟ್ಟಿದ್ರೆ ನನ್ನ ಹೊಡಿ," ಅಂದಿದ್ದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಕಾರು ಗುಜರಿಗೆ ಹೋಗಿದೆ, ಯಾರೋ ಅದರ ಹೊಟ್ಟೆ ಬಗೆದು ತಗಡು ತಗಡಾಗಿ ಮಾಡಿ ಮಾರಿದ್ದಾರೆ ಅಂತ ಅವನು ಅಂದುಕೊಂಡಿದ್ದ. ಅಂದುಕೊಂಡಿದ್ದ ಅನ್ನುವುದಕ್ಕಿಂತ ಬೇಡಿಕೊಂಡಿದ್ದ. ಈಗ ನೋಡಿದರೆ ಹಾಳಾದ್ದು ತಿರುವು ದಾಟಿ, ಮೂತಿ ನಡುಗಿಸುತ್ತಾ, ನೇರ ಗ್ಯಾರೇಜಿನ ಬಾಗಿಲಿಗೇ ಬರುತ್ತಿದೆ. ಅವನ ಕೈಯಲ್ಲಿದ್ದ ಕಾರ್ಬುರೇಟರ್ ಸೀಮೆಎಣ್ಣೆಯ ತಟ್ಟೆಯೊಳಗೆ ಜಾರಿ ಮುಖಕ್ಕೆಲ್ಲ ಎಣ್ಣೆ ಹಾರಿತು.

"ನೋಡ್ಕೊಂಡು ಕಣೋ, ಎಡಚ," ಅಂದ ಮಾವ. ಗ್ಯಾರೇಜು ಮಾವನದು, ಅಮ್ಮನ ತಮ್ಮನದು. ಮಂಡಿ ನೋವು ಶುರುವಾದ ಮೇಲೆ ಅವನು ಗಾಡಿಯ ಕೆಳಗೆ ಮಲಗುವುದನ್ನು ಬಿಟ್ಟು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಪೇಪರಿನ ಪದಬಂಧ ತುಂಬುತ್ತಾನೆ. ಗೊತ್ತಿಲ್ಲದ ಪದ ಬಂದರೆ ಬಿಡುವ ಜಾತಿಯಲ್ಲ; ಒಂದೇ ಮನೆಯಲ್ಲಿ ಎರಡಕ್ಷರ ತುರುಕಿ, "ಒಳಗೆ ಸೇರ್ಕೊಂಡ್ರೆ ಸಾಕು ತಾನೆ, ಬಸ್ಸಲ್ಲಿ ಹೋಗಲ್ವಾ ನಾವು," ಅನ್ನುತ್ತಾನೆ. ಈಗ ಅವನೂ ತಲೆಯೆತ್ತಿ ನೋಡಿದ. ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ಮಂಡಿ ಹಿಡಿದುಕೊಂಡು ಎದ್ದು ನಿಂತ. "ಮೇಷ್ಟ್ರಲ್ವೇನೋ ಅದು? ಪಾಪ."

ಆ ಪಾಪ ಅನ್ನುವ ಮಾತು ಅವನ ಬೆನ್ನಿಗೆ ಬಡಿಯಿತು. ಕಾರು ನಿಂತಿತು. ಎಂಜಿನ್ ಮಾತ್ರ ನಿಲ್ಲಲಿಲ್ಲ. ಚಳಿಜ್ವರ ಬಂದವರ ಹಾಗೆ ಇಡೀ ಬಾನೆಟ್ಟು ಅದುರುತ್ತಿತ್ತು. ಬಾಗಿಲು ತೆಗೆದುಕೊಂಡು ಇಳಿದ ಮನುಷ್ಯನನ್ನು ಅವನು ಕಾಲಿನಿಂದ ಮೇಲಕ್ಕೆ ನೋಡುತ್ತಾ ಬಂದ. ಮುಖ ನೋಡುವುದನ್ನು ಎಷ್ಟು ಮುಂದೂಡಬಹುದೋ ಅಷ್ಟು ಮುಂದೂಡಿದ. ಅದೇ ಕಪ್ಪು ಚಪ್ಪಲಿ, ಅದೇ ಬಿಳಿ ಅಂಗಿ. ಅಂಗಿಯ ಎದೆಗೆ ಇಸ್ತ್ರಿಯಾಗಿತ್ತು, ತೋಳಿಗೂ ಬೆನ್ನಿಗೂ ಇರಲಿಲ್ಲ. ಜನಕ್ಕೆ ಕಾಣುವಷ್ಟು ಜಾಗಕ್ಕೆ ತಾವೇ ಇಸ್ತ್ರಿ ಮಾಡಿಕೊಂಡಿದ್ದಾರೆ ಅಂತ ಅವನಿಗೆ ತಟ್ಟನೆ ಹೊಳೆಯಿತು, ಹೊಳೆಯದಿದ್ದರೆ ಆಗುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ಈ ಅಂಗಿಯ ಮಡಿಕೆ ನೋಡಿದರೇ ಅವನು ಪುಸ್ತಕದ ಮೇಲೆ ತಲೆ ತಗ್ಗಿಸುತ್ತಿದ್ದ. ಲೆಕ್ಕದ ಪೀರಿಯಡ್ಡು. ಮೇಷ್ಟ್ರು ಬೆಂಚುಗಳ ನಡುವೆ ನಡೆದು ಬಂದು, ಅವನ ಪಕ್ಕ ನಿಂತು, ಏನೂ ಕೂಗಾಡದೆ, ಬೆತ್ತ ಕೂಡ ಎತ್ತದೆ, "ಅದನ್ನ ಕೆಳಗಿಟ್ಟು ಅದರ ಮೇಲೆ ಕೂತ್ಕೋ," ಅನ್ನುತ್ತಿದ್ದರು. ಅದನ್ನ ಅಂದರೆ ಎಡಗೈಯನ್ನ. ಅವನು ತನ್ನ ಕೈಯನ್ನು ತೊಡೆಯ ಕೆಳಗೆ ಸೇರಿಸಿ, ಅದರ ಮೇಲೆ ಕೂತು, ಬಾರದ ಬಲಗೈಯಿಂದ ಬರೆಯಬೇಕು. ಬೆಂಚಿನ ಬಿರುಕು ಅಂಗೈಗೆ ಚುಚ್ಚುತ್ತಿತ್ತು. ಕಾಲು ಗಂಟೆಗೆ ಕೈ ಜೋಮು ಹಿಡಿದು, ತಾನು ಯಾರದೋ ಕೈಯ ಮೇಲೆ ಕೂತಿದ್ದೇನೆ ಅನ್ನಿಸುತ್ತಿತ್ತು. ಹಿಂದಿನ ಬೆಂಚಿನವರು ಮೊಟ್ಟೆ ಇಡ್ತಿದಾನೆ, ಮೊಟ್ಟೆ ಇಡ್ತಿದಾನೆ ಅಂತ ಪಿಸುಗುಟ್ಟುತ್ತಿದ್ದರು. ಬಲಗೈ ಬರೆದ ಅಂಕಿಗಳು ಸಾಲು ಬಿಟ್ಟು ಇಳಿದು ಹೋಗುತ್ತಿದ್ದವು, ಏಳು ಒಂದಾಗುತ್ತಿತ್ತು, ಒಂಬತ್ತು ಸೊನ್ನೆಯಾಗುತ್ತಿತ್ತು, ಸರಿಯಾದ ಉತ್ತರ ತಲೆಯಲ್ಲಿದ್ದೂ ಪುಸ್ತಕದಲ್ಲಿ ತಪ್ಪಾಗುತ್ತಿತ್ತು. ಅರ್ಧ ವರ್ಷ ತಡೆದ. ಆಮೇಲೆ ಒಂದು ದಿನ ಚೀಲ ತೆಗೆದುಕೊಂಡು ಸ್ಕೂಲಿಗೆ ಹೋಗುವ ಬದಲು ಇಲ್ಲಿಗೆ ಬಂದ. ಮಾವ ಯಾವ ಕೈ ಅಂತ ಕೇಳಲಿಲ್ಲ, ಸ್ಪ್ಯಾನರ್ ಕೊಟ್ಟ.

"ವಿಷಯ ತಿಳೀತು ಮೇಷ್ಟ್ರೇ," ಮಾವ ಹೇಳುತ್ತಿದ್ದ. "ಬಂದು ಮಾತಾಡಿಸ್ಬೇಕು ಅಂತಿದ್ದೆ, ಈ ಮಂಡಿ..."

"ಪರವಾಗಿಲ್ಲ. ಬಂದವರಿಗೆಲ್ಲ ನಾನೇನು ಹೇಳಲಿ, ಅವರೇನು ಹೇಳಲಿ." ಮೇಷ್ಟ್ರು ಕಾರಿನ ತಲೆಯ ಮೇಲೆ ಕೈಯಿಟ್ಟರು. "ನಾಲ್ಕು ತಿಂಗಳು ಇದನ್ನ ಮುಟ್ಟಿರಲಿಲ್ಲ. ಮಗಳು ಮಾರಿಬಿಡಿ ಅಂತಾಳೆ. ಮಾರೋಣ. ಆದ್ರೆ ಕೆಟ್ಟಿರೋದನ್ನ ಸರಿಯಿದೆ ಅಂತ ಹೇಳಿ ಇನ್ನೊಬ್ಬರ ಕೈಗೆ ಕೊಡಬಾರದಲ್ಲ. ಅದಕ್ಕೇ ತಂದೆ."

ಇದು ತನಗೇ ಹೇಳಿದ್ದು, ಎಲ್ಲ ಗೊತ್ತಾಗಿ ಹೇಳುತ್ತಿದ್ದಾರೆ ಅಂತ ಅವನ ಕಿವಿ ಬಿಸಿಯಾಯಿತು. ಆದರೆ ಮೇಷ್ಟ್ರ ಕಣ್ಣಿನಲ್ಲಿ ಅಂಥದ್ದೇನೂ ಇರಲಿಲ್ಲ. ಅವನ ಕಡೆ ತಿರುಗಿ, ಯಾವ ಗ್ಯಾರೇಜಿನ ಯಾವ ಹುಡುಗನನ್ನು ಬೇಕಾದರೂ ಕರೆಯುವ ಹಾಗೆ, "ತಮ್ಮಾ, ಹೋದ ಸಲ ನೀನೇ ಅಲ್ವಾ ಮಾಡಿದ್ದು?" ಅಂದರು. "ಚೆನ್ನಾಗಿ ಮಾಡಿದ್ದೆಪ್ಪ. ಹದಿನೈದು ದಿನ ಹೂವಿನ ಹಾಗೆ ಓಡ್ತು. ತಪ್ಪು ನಂದು. ಅವತ್ತು ಬೆಳಿಗ್ಗೆ ಬಾನೆಟ್ ತೆಗೆದು ಒಳಗೆಲ್ಲ ನೀರು ಹಾಕಿ ತೊಳೆದೆ. ಧೂಳು ಕಂಡ್ರೆ ಆಗಲ್ಲ ನಂಗೆ. ತೊಳೀಬೇಡಿ ಅಂದ್ಲು ನಮ್ಮನೆಯವಳು. ನಾನು ಕೇಳ್ಲಿಲ್ಲ. ಒಂದು ಗಂಟೆ ಆಗಿತ್ತೋ ಇಲ್ವೋ, ಎದೆ ಹಿಡ್ಕೊಂಡು ಕೂತಳು." ನಿಲ್ಲಿಸಿ, ಮಾವನನ್ನು ಕೇಳಿದರು, ಪರೀಕ್ಷೆಯ ಉತ್ತರ ಕೇಳುವವರ ಹಾಗೆ: "ನೀರು ಬಿದ್ರೆ ಹೀಗಾಗುತ್ತೆ ಅಲ್ವಾ? ವೈರಿಗೆ?"

"ನೀರಾ?" ಮಾವ ತಲೆ ಕೆರೆದುಕೊಂಡ. "ಹಳೇ ವೈರಾದ್ರೆ ಸರಿ. ಹೊಸ ವೈರಿಗೆ ಒಂದು ಬಕೆಟ್ ಸುರಿದ್ರೂ ಏನೂ ಆಗ್ಬಾರ್ದು. ನಿಮ್ಮದಕ್ಕೆ ಹೋದ ಸಲ ತಾನೆ ಹೊಸ ಸೆಟ್ಟು..." ಮಾತು ನಿಂತುಹೋಯಿತು. ಮಾವ ಅವನ ಕಡೆ ನೋಡಿದ. ಬಾನೆಟ್ಟಿನ ಕಡೆ ಹೆಜ್ಜೆ ಇಟ್ಟ.

"ನಾನು ನೋಡ್ತೀನಿ ಮಾವ," ಅವನು ಅಡ್ಡ ಬಂದ. ದನಿ ತನಗೇ ಜೋರಾಗಿ ಕೇಳಿಸಿತು. "ನೀನು ಕೂತ್ಕೋ. ಪದ ತುಂಬು."

ಬಾನೆಟ್ಟು ಎತ್ತಿ, ಕಡ್ಡಿ ಕೊಟ್ಟು ನಿಲ್ಲಿಸಿ, ತಲೆ ಒಳಗಿಟ್ಟ. ಒಳಗೆ ಬಿಸಿ, ಎಣ್ಣೆಯ ವಾಸನೆ, ರಬ್ಬರ್ ಸುಟ್ಟ ವಾಸನೆ. ಹೊರಗಿನ ಮಾತೆಲ್ಲ ದೂರವಾಯಿತು. ಇಲ್ಲಿ ಮಾತ್ರ ಅವನು ಯಾರಿಗೂ ಕಡಿಮೆಯಿಲ್ಲ. ಡಿಸ್ಟ್ರಿಬ್ಯೂಟರಿನ ಕರಿ ಟೋಪಿಯಿಂದ ನಾಲ್ಕು ವೈರು ಹೊರಟು ನಾಲ್ಕು ಪ್ಲಗ್ಗಿಗೆ ಹೋಗುತ್ತವೆ; ಒಂದೊಂದೂ ತನ್ನ ಸರದಿ ಬಂದಾಗ ಕಿಡಿ ಹೊತ್ತುಕೊಂಡು ಓಡಬೇಕು. ಕಿಡಿ ತಪ್ಪಿಸಿ ಮಿಸ್ ಹೊಡೆಯುವುದು ಯಾವುದೆಂದು ತಿಳಿಯಬೇಕಾದರೆ ಎಂಜಿನ್ ಓಡುತ್ತಿರುವಾಗಲೇ ಒಂದೊಂದನ್ನು ಕಿತ್ತು ನೋಡಬೇಕು. ಒಣ ಬಟ್ಟೆ ಸುತ್ತಿದ ಇಕ್ಕಳದಿಂದ ಮೊದಲನೆಯದನ್ನು ಎಳೆದ. ಎಂಜಿನ್ ಮುಗ್ಗರಿಸಿತು, ಅಂದರೆ ಅದು ಜೀವಂತ. ವಾಪಸ್ ಹಾಕಿದ. ಎರಡನೆಯದು, ಹಾಗೇ. ನಾಲ್ಕನೆಯದು, ಹಾಗೇ. ಮೂರನೆಯದನ್ನು ಕೊನೆಗೆ ಉಳಿಸಿದ್ದ, ಗೊತ್ತಿದ್ದೂ. ಎಳೆದ. ಎಂಜಿನ್ನಿಗೆ ಏನೂ ಅನ್ನಿಸಲಿಲ್ಲ. ಇದ್ದರೂ ಇಲ್ಲದಿದ್ದರೂ ಅದಕ್ಕೆ ಒಂದೇ. ಚಾವಿ ತಿರುಗಿಸಿ ಎಂಜಿನ್ ಆರಿಸಿ ಬಂದು, ಬೆಳಕಿಗೆ ಹಿಡಿದು ನೋಡಿದ. ನಡುವೆ ಬೆರಳುದ್ದ ಕಪ್ಪು ಟೇಪು. ಬಿಸಿಗೆ ಹೊಳಪು ಬಂದು, ಅಂಚು ಬಿಟ್ಟುಕೊಂಡು, ಕಿಡಿ ಹೊರಗೆ ಹಾರಿ ಹಾರಿ ಬೂದಿಬಣ್ಣದ ಗೆರೆ ಬಿದ್ದಿತ್ತು. ಸುತ್ತಿನ ಓಟ ಎಲ್ಲರೂ ಸುತ್ತುವ ದಿಕ್ಕಿಗಲ್ಲ, ಉಲ್ಟಾ. ಈ ಇಡೀ ಬೀದಿಯಲ್ಲಿ ಹಾಗೆ ಟೇಪು ಸುತ್ತುವವನು ಅವನೊಬ್ಬನೇ.

ಹಣಕ್ಕೆ ಮಾಡಿದ್ದಲ್ಲ. ಅದನ್ನು ಯಾರಿಗೆ ಹೇಳಿದರೆ ನಂಬುತ್ತಾರೆ? ಹೊಸ ಸೆಟ್ಟು ಕೈಗೆಟುಕುವ ಹಲಗೆಯ ಮೇಲೇ ಇತ್ತು. ಅವತ್ತು ಅದನ್ನು ಡಬ್ಬಿಯಿಂದ ತೆಗೆದೂ ಆಗಿತ್ತು. ಮೇಷ್ಟ್ರು ಕಾರು ತಂದಾಗ, ಈಗ ಗುರುತು ಹಿಡಿಯುತ್ತಾರೆ, ಓ ನೀನಾ, ಎಷ್ಟು ದೊಡ್ಡವನಾಗಿದೀಯ ಅನ್ನುತ್ತಾರೆ, ಅಂದಾಗ ತಾನು ಮುಖ ತಿರುಗಿಸಿಕೊಂಡು ಕೆಲಸ ಮಾಡಬೇಕು ಅಂತ ಅಷ್ಟು ವರ್ಷದ ತಯಾರಿ ಅವನದು. ಅವರು ಗುರುತೇ ಹಿಡಿಯಲಿಲ್ಲ. ಬದಲಿಗೆ ಪಕ್ಕದಲ್ಲಿ ಬಂದು ನಿಂತು, ಎರಡು ಕೈ ಹಿಂದೆ ಕಟ್ಟಿಕೊಂಡು, "ಬಲಗೈಲಿ ಹಿಡಿಯಪ್ಪ ಅದನ್ನ, ಜಾರುತ್ತೆ," ಅಂದರು. ಅಷ್ಟೇ. ಸಿಟ್ಟಿನಿಂದಲ್ಲ, ಒಳ್ಳೇದಕ್ಕೆ ಹೇಳಿದ ಹಾಗೆ. ಅವನ ಕೈ ತಾನಾಗಿ ಬಲಕ್ಕೆ ಬದಲಾಯಿಸಿಬಿಟ್ಟಿತು. ಇಪ್ಪತ್ಮೂರು ವರ್ಷದ ಗಂಡಸು, ಸ್ವಂತ ಮಾವನ ಗ್ಯಾರೇಜು, ತನ್ನದೇ ಇಕ್ಕಳ, ಅವರ ಒಂದು ಮಾತಿಗೆ ಕೈ ಬದಲಾಯಿಸಿಬಿಟ್ಟ. ಬದಲಾಯಿಸಿದ ಮರುಕ್ಷಣ ಹೊಸ ಸೆಟ್ಟನ್ನು ಅವರು ನೋಡದ ಹಾಗೆ ಡಬ್ಬಿಗೆ ಸೇರಿಸಿ, ಟೇಪಿನ ಸುರುಳಿ ತೆಗೆದು, ಒಡೆದ ಜಾಗಕ್ಕೆ ಎಡಗೈಯಿಂದ, ಬೇಕಂತಲೇ ಎಡಗೈಯಿಂದ, ಬಿಗಿದು ಸುತ್ತಿದ. ತಂಡಿ ಗಾಳಿ ಬೀಸುವವರೆಗೆ ಓಡುತ್ತೆ, ಆಮೇಲೆ ಮತ್ತೆ ಇಲ್ಲಿಗೇ ಬರಬೇಕು ಮಗನೇ ನೀನು, ಇಲ್ಲೇ ನಿಂತ್ಕೋಬೇಕು, ನಾನು ಆಮೇಲೆ ಬನ್ನಿ ಅಂತೀನಿ, ನಾಳೆ ಬನ್ನಿ ಅಂತೀನಿ, ನಿಂತ್ಕೋಬೇಕು. ಅಷ್ಟೇ ಇದ್ದದ್ದು ಅವನ ಮನಸ್ಸಿನಲ್ಲಿ. ಎರಡು ಮೂರು ಸಲ ಓಡಾಡಿಸಬೇಕು, ಅಷ್ಟೇ. ಅವತ್ತು ಗ್ಯಾರೇಜಿನ ಬೆಂಚಿನ ಮೇಲೆ ಮೇಷ್ಟ್ರ ಹೆಂಡತಿ ಕೂತಿದ್ದರು. ಕೂತಿದ್ದವರು ಎದ್ದು ಬಂದು ಬಗ್ಗಿ ನೋಡಿ, "ಎಡಗೈಯೇನಪ್ಪ ನಿಂದು? ನನ್ನ ತಂಗೀದೂ ಎಡಗೈ. ಅವಳು ಹೆಣೆದ ಸ್ವೆಟರ್ ನಾವ್ಯಾರೂ ಬಿಚ್ಚಕ್ಕಾಗಲ್ಲ," ಅಂದಿದ್ದರು. ಆಮೇಲೆ ದನಿ ತಗ್ಗಿಸಿ, ಗಂಡನ ಕಡೆ ಕಣ್ಣು ಮಿಟುಕಿಸಿ, "ಬ್ರೇಕು ಸ್ವಲ್ಪ ಜಾಸ್ತಿ ಮಾಡು. ಬೋರ್ಡಿನ ಮೇಲೆ ಬರೆಯೋ ಹಾಗೇ ಓಡಿಸ್ತಾರೆ, ಸಾಲು ಮುಗಿದ ಮೇಲೇ ನಿಲ್ಲೋದು." ಅವನಿಗೆ ನಗು ಬಂದಿತ್ತು. ನಗುತ್ತಲೇ ಸುತ್ತಿದ್ದ. "ಹೊಸದೇನಪ್ಪ ಅದು?" ಅಂತ ಕೇಳಿದರು ಅವರು. "ಹೂಂ ಅಮ್ಮ," ಅಂದಿದ್ದ ಅವನು.

ಹೂಂ ಅಮ್ಮ. ನಾಲ್ಕು ತಿಂಗಳಲ್ಲಿ ಈ ಎರಡು ಮಾತು ಎಷ್ಟು ಸಲ ಬಾಯಿಗೆ ಬಂದಿದೆಯೋ. ಸ್ನಾನ ಮಾಡುವಾಗ, ಬೀಗ ಹಾಕುವಾಗ, ಅಮ್ಮ ಇನ್ನೊಂದು ಸ್ವಲ್ಪ ಹಾಕಲಾ ಅಂತ ತಟ್ಟೆಯ ಮುಂದೆ ನಿಂತು ಕೇಳುವಾಗ. ಹೂಂ ಅಮ್ಮ ಅಂದು, ಅಂದ ಮೇಲೆ ತಟ್ಟೆ ಸರಿಸಿ ಎದ್ದು ಹೋಗಿದ್ದಾನೆ.

ಬೆನ್ನ ಹಿಂದೆ ಉಸಿರು ಕೇಳಿಸಿತು. ಮಾವ ಯಾವಾಗ ಬಂದನೋ, ಮಂಡಿ ನೋವಿನವನು ಸದ್ದಿಲ್ಲದೆ ಬಂದಿದ್ದ. ಅವನ ಕೈಯಲ್ಲಿದ್ದ ವೈರನ್ನು ನೋಡಿದ, ಟೇಪನ್ನು ನೋಡಿದ, ಹೆಬ್ಬೆರಳಿನಿಂದ ಸುತ್ತಿನ ದಿಕ್ಕು ಸವರಿದ. ಮೇಷ್ಟ್ರು ಬಾಗಿಲ ಬಳಿ ಬೀದಿಗೆ ಮುಖ ಮಾಡಿ ನಿಂತಿದ್ದರು.

"ಹೊಸ ಸೆಟ್ಟು ಹಾಕ್ದೆ ಅಂದೆ ನಂಗೆ," ಮಾವ ಪಿಸುಗುಟ್ಟಿದ.

ಅವನು ಇಕ್ಕಳಕ್ಕೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚತೊಡಗಿದ.

"ಬಾಯಿ ಬಿಡೋ."

"ಹಾಕಿರ್ಲಿಲ್ಲ."

ಮಾವನ ಮುಖದಲ್ಲಿ ಏನೇನೋ ಬಂದು ಹೋಯಿತು. ಹೊಡೆಯುತ್ತಾನೆ ಅಂದುಕೊಂಡ, ಹೊಡೆಯಲಿ ಅಂತಲೂ ಅಂದುಕೊಂಡ. ಮಾವ ಹೊಡೆಯಲಿಲ್ಲ. ವೈರನ್ನು ಕಿತ್ತುಕೊಂಡು, ಮಡಚಿ, ತನ್ನ ಪ್ಯಾಂಟಿನ ಜೇಬಿಗೆ ತುರುಕಿದ. "ನಾಲ್ಕೂ ಹೊಸದು ಹಾಕು. ಬಾಯಿ ಹೊಲ್ಕೊಂಡು ಹಾಕು. ಹೋದವರು ವಾಪಸ್ ಬರಲ್ಲ. ನೀನು ಹೇಳಿದ್ರೆ ಬರ್ತಾರಾ? ಇಲ್ಲ ತಾನೆ? ಮೂವತ್ತು ವರ್ಷ ಆಯ್ತು ಈ ಬಾಗಿಲು ತೆಗೆದು, ಒಬ್ಬ ಒಂದು ಮಾತು ಅಂದಿಲ್ಲ. ಅವರು ನೀರು ಅಂತಿದಾರೆ. ನೀರು ಅಂತಾನೇ ಇರ್ಲಿ." ಆಮೇಲೆ ಹಿಂತಿರುಗಿ ದೊಡ್ಡ ದನಿಯಲ್ಲಿ, "ಹತ್ತು ನಿಮಿಷ ಮೇಷ್ಟ್ರೇ! ಕೂತ್ಕೊಳಿ, ಬಿಸಿ ಬಿಸಿ ಟೀ ತರಿಸ್ಲಾ?" ಅಂದ. ಆ ದನಿಯಲ್ಲಿ ಒಂದು ಬಿರುಕೂ ಇರಲಿಲ್ಲ. ದೊಡ್ಡವರಿಗೆ ಇದೆಲ್ಲ ಎಷ್ಟು ಸಲೀಸು ಅಂತ ಅವನಿಗೆ ಮಾವನ ಮೇಲೂ ಅಸಹ್ಯವಾಯಿತು, ಒಂದು ಕಡೆ ಸಮಾಧಾನವೂ ಆಯಿತು. ಆ ಸಮಾಧಾನವನ್ನು ಕಂಡು ತನ್ನ ಮೇಲೇ ಉಗಿಯಬೇಕು ಅನ್ನಿಸಿತು.

ಒಂದು ಬಿಚ್ಚು, ಒಂದು ಹಾಕು. ಮಾವ ಮೊದಲ ದಿನ ಹೇಳಿಕೊಟ್ಟ ಪಾಠ ಅದು. ನಾಲ್ಕನ್ನೂ ಒಟ್ಟಿಗೆ ಕಿತ್ತು ಗುಡ್ಡೆ ಹಾಕಿದರೆ ಯಾವುದು ಯಾವುದರ ಜಾಗಕ್ಕೆ ಅನ್ನುವುದು ತಪ್ಪಿಹೋಗಿ, ಬೇರೆಯವನ ಸರದಿಯಲ್ಲಿ ಇವನು ಹೊತ್ತಿಕೊಂಡು, ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಹಳೆಯದರ ಉದ್ದಕ್ಕೆ ಹೊಸದನ್ನು ಹಿಡಿದು ಅಳೆದು, ರಬ್ಬರ್ ಟೋಪಿಯನ್ನು ಅರ್ಧ ಸುತ್ತು ತಿರುಗಿಸಿ ಎಳೆದು, ಹೊಸದನ್ನು ಒತ್ತಿದ. ಟಕ್ ಅಂತ ಒಳಗೆ ಕೂತ ಸದ್ದು ಬರಬೇಕು, ಬರುವವರೆಗೆ ಕೈ ಬಿಡಬಾರದು. ಟಕ್. ಎರಡನೆಯದು. ಟಕ್. ಮೂರನೆಯದಕ್ಕೆ ಬಂದಾಗ ಬೆರಳು ಬೆವರಿ ಜಾರಿತು. ಬಟ್ಟೆಗೆ ಒರೆಸಿಕೊಂಡು ಮತ್ತೆ ಒತ್ತಿದ. ಇಷ್ಟೇ ಕೆಲಸ. ಒಂದು ವೈರಿಗೆ ಎರಡು ನಿಮಿಷ. ಅವತ್ತು ಟೇಪು ಸುತ್ತುವುದಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಹಿಡಿದಿತ್ತು.

ಎಂಜಿನ್ ಸ್ಟಾರ್ಟ್ ಮಾಡಿದಾಗ ಒಂದೇ ಸಲಕ್ಕೆ ಹಿಡಿದುಕೊಂಡಿತು. ತಪ್ಪು ಇಲ್ಲ, ತೊದಲು ಇಲ್ಲ. ಮಾವ "ಆಹಾ" ಅಂದ. ಮೇಷ್ಟ್ರು ಬಂದು ಬಾನೆಟ್ಟಿನ ಪಕ್ಕ ನಿಂತು, ಕಣ್ಣು ಮುಚ್ಚಿಕೊಂಡು ಕೇಳಿದರು. ಬಹಳ ಹೊತ್ತು ಕೇಳಿದರು. "ಏರು ಹತ್ತಿಸಿ ನೋಡ್ಬೇಕಲ್ವಾ?" ಅಂದರು.

"ಏನೂ ಬೇಡ ಮೇಷ್ಟ್ರೇ," ಮಾವ ಅವಸರದಿಂದ ಅಂದ. "ಇಲ್ಲೇ ರೈಸ್ ಮಾಡಿದ್ರೆ ಗೊತ್ತಾಗುತ್ತೆ."

"ಇಲ್ಲ. ಹೋದ ಸಲವೂ ಇಲ್ಲಿ ಸರಿಯಾಗೇ ಇತ್ತು. ಆಸ್ಪತ್ರೆ ಏರು ಹತ್ತಿಸ್ಲಿ. ನನ್ನ ಕೈಲಿ ಆಗಲ್ಲ, ಕಾಲು ನಡುಗುತ್ತೆ. ತಮ್ಮಾ, ನೀನು ಓಡಿಸು."

ಮಾವ ಅವನ ಕಣ್ಣನ್ನು ಹುಡುಕಿದ. ಜೇಬಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ. ಅವನು ನೋಡದೆ ಹತ್ತಿ ಕೂತ. ಮೇಷ್ಟ್ರು ಪಕ್ಕದಲ್ಲಿ ಕೂತರು. ಬೀದಿಯಲ್ಲಿ ಬೆಳಿಗ್ಗೆ ಹನ್ನೊಂದರ ಬಿಸಿಲು, ಮಕ್ಕಳಿಲ್ಲದ ಹೊತ್ತು, ಅಂಗಡಿಯವನೊಬ್ಬ ಮೆಟ್ಟಿಲಿಗೆ ನೀರು ಚಿಮುಕಿಸುತ್ತಿದ್ದ. ಸೇತುವೆ ದಾಟಿತು. ಅಂಚೆ ಕಚೇರಿ ದಾಟಿತು. ಮೇಷ್ಟ್ರು ಮಾತಾಡಲು ಶುರು ಮಾಡಿದರು. ಅವನಿಗಲ್ಲ, ಮುಂದಿನ ಗಾಜಿಗೆ.

"ಇಲ್ಲಿವರೆಗೆ ಸರಿಯಾಗಿತ್ತು. ಈ ಮರ ಇದೆಯಲ್ಲ, ಇಲ್ಲಿ ಒಂದು ಸಲ ಎಗರಿತು. ನಾನು ಗಾಬರಿಯಾದೆ. ಅವಳು ಹಿಂದೆ ಮಲಗಿದ್ಳು, ಹೆದರ್ಬೇಡಿ ಅಂದ್ಲು. ನಂಗೆ! ಹೆದರ್ಬೇಡಿ ಅಂತ ನಂಗೆ ಹೇಳಿದ್ಲು." ಏರು ಶುರುವಾಯಿತು. ಅವನು ಎರಡನೇ ಗೇರಿಗೆ ಇಳಿಸಿದ. ಕಾರು ಎಳೆಯಿತು. "ಇಲ್ಲಿ ಎರಡು ಸಲ. ಇಲ್ಲಿ ಹೊಗೆ ಬಂತು. ಆ ನೀಲಿ ಗೇಟಿನ ಮುಂದೆ ನಿಂತೇಹೋಯ್ತು. ಎಷ್ಟು ತಿರುಗಿಸಿದ್ರೂ ಇಲ್ಲ. ಇಳಿದು ಕೈ ಅಡ್ಡ ಹಾಕಿದೆ, ಒಂದು ಗಾಡಿಯೂ ನಿಲ್ಲಿಸ್ಲಿಲ್ಲ. ವಾಪಸ್ ಬಂದು ಬಾಗಿಲು ತೆಗೆದೆ. ಏನಂದ್ಲು ಗೊತ್ತಾ?" ಮೇಷ್ಟ್ರು ಮೊದಲ ಸಲ ಅವನ ಕಡೆ ತಿರುಗಿದರು. "'ಬೆಳಿಗ್ಗೆ ತೊಳೀಬೇಡಿ ಅಂದ್ನಲ್ಲ' ಅಂದ್ಲು. ಅಷ್ಟೇ. ಆಮೇಲೆ ಮಾತಾಡ್ಲಿಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿ ಕೊನೆಗೆ ಹೇಳಿದ್ದು ಅದು. ಬೈದಿದ್ದೂ ಅಲ್ಲ, ನಿಜ ಹೇಳಿದ್ದು. ನಲ್ಲೀಲಿ ನೀರು ಬಿಟ್ರೆ ಸಾಕು, ಆ ಮಾತು ಕೇಳುತ್ತೆ. ಈಗ ಕೈ ತೊಳ್ಕೊಳಕ್ಕೂ ಭಯ ನಂಗೆ."

ನೀಲಿ ಗೇಟು ಬಂತು. ಅದರ ಮುಂದೆ ಕಾರು ನಿಲ್ಲಲಿಲ್ಲ, ಎಗರಲಿಲ್ಲ, ಉಸಿರು ಕೂಡ ಹೆಚ್ಚು ಮಾಡಲಿಲ್ಲ, ಸುಮ್ಮನೆ ಹತ್ತಿಕೊಂಡು ಹೋಯಿತು. ಈ ಮನುಷ್ಯ ತಲೆ ತಗ್ಗಿಸುವುದನ್ನು ನೋಡಬೇಕು ಅಂತ ಅವನು ಎಷ್ಟು ವರ್ಷ ಕಾದಿದ್ದ! ಈಗ ಪಕ್ಕದಲ್ಲೇ ತಗ್ಗಿದೆ ತಲೆ, ಕತ್ತಿನ ಹಿಂದೆ ಕ್ಷೌರ ಸರಿಯಾಗಿಲ್ಲದೆ ಬಿಳಿ ಕೂದಲು ಗುಂಪು ಗುಂಪಾಗಿ ಉಳಿದಿದೆ, ಮತ್ತು ಅದನ್ನು ನೋಡಲು ಅವನ ಕೈಲಿ ಆಗುತ್ತಿಲ್ಲ. ನೀರು ಅಂತಾನೇ ಇರ್ಲಿ ಅಂದಿದ್ದ ಮಾವ. ಇರಲಿ. ಇನ್ನು ಇನ್ನೂರು ಗಜ. ಏರು ಮುಗಿಯುತ್ತೆ, ತಿರುಗಿಸಿಕೊಂಡು ವಾಪಸ್ ಹೋದರೆ ಆಯಿತು, ಕಾರು ಮಾರಿಹೋಗುತ್ತೆ.

"ನೀರಲ್ಲ ಸಾರ್," ಅಂದ.

"ಏನು?"

"ನೀರಿಂದ ಅಲ್ಲ."

"ಸಮಾಧಾನ ಹೇಳ್ಬೇಡಪ್ಪ. ಎಲ್ಲರೂ ಹೇಳ್ತಾರೆ."

"ಸಮಾಧಾನ ಅಲ್ಲ ಸಾರ್!" ಕೂಗಿಬಿಟ್ಟಿದ್ದ. "ನಾನು ಹೊಸ ವೈರು ಹಾಕಿರ್ಲಿಲ್ಲ. ಮೂರನೇದು ಒಡೆದಿತ್ತು. ಟೇಪ್ ಸುತ್ತಿ ಕಳಿಸ್ದೆ. ಹೊಸದು ಹಾಕಿದ್ರೆ ನೀವು ದಿನಾ ತೊಳೆದ್ರೂ ಏನೂ ಆಗ್ತಿರ್ಲಿಲ್ಲ. ಅಮ್ಮ ಕೇಳಿದ್ರು, ಹೊಸದಾ ಅಂತ. ಹೂಂ ಅಂದೆ."

ಕಾರು ಹತ್ತುತ್ತಲೇ ಇತ್ತು. ಲೆಕ್ಕ ತಪ್ಪಿದಾಗ ಮೊದಲ ಸಾಲಿನಿಂದ ಮತ್ತೆ ನೋಡುವವರ ಹಾಗೆ ಮೇಷ್ಟ್ರ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು.

"ಮರೆತೆಯಾ?"

"ಇಲ್ಲ. ಬೇಕಂತ. ನೀವು ಮತ್ತೆ ಬರ್ಲಿ ಅಂತ."

"ನಾನ್ಯಾಕೆ ಬರ್ಬೇಕು?"

ಇದಕ್ಕೆ ಅವನ ಹತ್ತಿರ ಹತ್ತು ವರ್ಷದ ಉತ್ತರ ಇತ್ತು. ಗಾಡಿಯ ಕೆಳಗೆ ಮಲಗಿಕೊಂಡು, ಕಣ್ಣಿಗೆ ಗ್ರೀಸು ಬೀಳುವಾಗ, ಮಾತು ಮಾತನ್ನೂ ಹದ ಮಾಡಿ ಇಟ್ಟುಕೊಂಡಿದ್ದ. ಬಾಯಿ ತೆರೆದರೆ ಅಷ್ಟರಲ್ಲಿ ಒಂದೇ ಒಂದು ಬಂತು. "ನನ್ನ ಎಡಗೈ ಮೇಲೆ ಕೂರಿಸ್ತಿದ್ರಿ ಸಾರ್. ಎಂಟನೇ ಕ್ಲಾಸಲ್ಲಿ."

ಮೇಷ್ಟ್ರು ಅವನ ಮುಖ ನೋಡಿದರು. ಹಣೆ, ಮೂಗು, ಗದ್ದ, ಒಂದೊಂದನ್ನೇ ನೋಡಿದರು, ನಿಜವಾಗಿ ಹುಡುಕಿದರು. ಅವರು ಹುಡುಕುತ್ತಿದ್ದದ್ದು ಅವನಿಗೆ ಗೊತ್ತಾಗುತ್ತಿತ್ತು, ಸಿಗದೆ ಹೋದದ್ದೂ ಗೊತ್ತಾಯಿತು. "ತುಂಬ ಜನರನ್ನ ಕೂರಿಸ್ತಿದ್ದೆ," ಅಂದರು. "ಆಗೆಲ್ಲ ಹಾಗೇ ಮಾಡ್ತಿದ್ವಿ. ನೀನು ನೆನಪಾಗ್ತಿಲ್ಲಪ್ಪ." ಆಮೇಲೆ ಮೆಲ್ಲಗೆ, ತಿಳಿದುಕೊಳ್ಳುವುದಕ್ಕೆ ಕೇಳುವವರ ಹಾಗೆ ಕೇಳಿದರು: "ಅದಕ್ಕಾ?"

ಹತ್ತು ವರ್ಷ ಉಪ್ಪುಖಾರ ಹಾಕಿ ಸಾಕಿದ ಸಿಟ್ಟು, ಅವರ ಬಾಯಲ್ಲಿ ಮೂರಕ್ಷರವಾಗಿ, ಕಾರಿನ ಒಳಗೆ ಬಿದ್ದಿತ್ತು. ಅದಕ್ಕೆ. ಅದಕ್ಕೇ. ಅದು ಚಿಕ್ಕದಾಗಿರಲಿಲ್ಲ, ದೇವರಾಣೆ ಚಿಕ್ಕದಾಗಿರಲಿಲ್ಲ, ಅದರ ಕೆಳಗೆ ಅವನ ಓದು, ಅವನ ಅಕ್ಷರ, ಅವನ ಇಡೀ ಒಂದು ಕೈ ಇತ್ತು. ಆದರೆ ಈ ಏರಿನಲ್ಲಿ ಅದನ್ನು ಎತ್ತಿ ತೋರಿಸಲು ಜಾಗವೇ ಇರಲಿಲ್ಲ.

"ಹಾಗಾದ್ರೆ ಅವಳು ಹೇಳಿದ್ದು ಸರಿಯಲ್ಲ," ಮೇಷ್ಟ್ರು ಮತ್ತೆ ಗಾಜಿಗೆ ಹೇಳಿದರು. "ನನ್ನಿಂದ ಅಂತ ತಿಳ್ಕೊಂಡು ಹೋದ್ಲು. ಈಗ ಅವಳಿಗೆ ತಿಳಿಸೋದು ಹೇಗೆ ಇದನ್ನ?"

ಏರು ಮುಗಿಯಿತು. ಬ್ರೇಕಿನ ಮೇಲೆ ಕಾಲಿಟ್ಟಾಗ ಕಾರು ಆಸ್ಪತ್ರೆಯ ಗೇಟಿನ ಒಳಗೇ ಬಂದುಬಿಟ್ಟಿತ್ತು; ತಿರುಗಿಸಬೇಕಿದ್ದ ಜಾಗ ಯಾವಾಗ ದಾಟಿತೋ. ಸೀಟಿ ಊದುತ್ತಾ ಕಾವಲುಗಾರ ಓಡಿ ಬಂದ. ಗೇಟಿಗೆ ವೇಗವಾಗಿ ಬರುವ ಗಾಡಿಗಳನ್ನು ನೋಡಿ ಅಭ್ಯಾಸವಾದವನು, ಏನೂ ಕೇಳದೆ ಹಿಂದಿನ ಬಾಗಿಲು ತೆಗೆದು ಎರಡೂ ಕೈ ಒಳಗೆ ಚಾಚಿದ. ಚಾಚಿದ ಕೈ ಹಾಗೇ ನಿಂತಿತು.

"ಎಲ್ರೀ ಪೇಷಂಟು?"

ಮೇಷ್ಟ್ರು ಅವನ ಕಡೆ ನೋಡಲಿಲ್ಲ. "ಕೇಳ್ತಿದಾರೆ," ಅಂದರು. "ನೀನೇ ಹೇಳು."

ಒಳಗಿನಿಂದ ಇನ್ನೊಬ್ಬ ಗಾಲಿಕುರ್ಚಿ ತಳ್ಳಿಕೊಂಡು ಬರುತ್ತಿದ್ದ. ಎಂಜಿನ್ ಓಡುತ್ತಿದೆಯೋ ಆರಿದೆಯೋ ಗೊತ್ತಾಗದಷ್ಟು ಒಂದೇ ಸಮ ಓಡುತ್ತಿತ್ತು.

"ತಡವಾಯ್ತು," ಅಂದ ಅವನು. ಸಾಲಲಿಲ್ಲ. "ನಾನು ತಡ ಮಾಡಿಬಿಟ್ಟೆ."

ಕಾವಲುಗಾರ ಸುತ್ತಿ ಬಂದು ಮುಂದಿನ ಬಾಗಿಲು ತೆಗೆದು, ಮೇಷ್ಟ್ರ ಮುಖ ನೋಡಿ, ಅವರ ಕಂಕುಳಿಗೆ ಕೈ ಕೊಟ್ಟ. "ಇವರೇನಾ? ತಡ ಏನಿಲ್ಲ ಮಾರಾಯ, ಉಸಿರಾಡ್ತಿದಾರಲ್ಲ. ನೀನು ಆ ಕಡೆ ಹಿಡಿ," ಅಂದ. "ಯಾವ ಕೈಲಾದ್ರೂ ಹಿಡಿ, ಬೇಗ."